ರಿಪೋರ್ಟ್ ನಾರ್ಮಲ್, ಫಿಟ್ಸ್ ಮಾತ್ರ ನಿಂತಿಲ್ಲ!

ಫಿಟ್ಸ್ ಬಂತು ಅಂದ್ರೆ ಕೈಗೆ ಕಬ್ಬಿಣ ಕೊಡೋಕೆ ನಾಲ್ಕು ಜನ ಓಡಿ ಬರ್ತಾರೆ. ಸ್ವಾಮಿ, ಅದು ಹುಟ್ಟೋದು ಕೈಯಲ್ಲಲ್ಲ, ಮೆದುಳಲ್ಲಿ.

ಮೆದುಳಿನ ಒಳಮಡಿಕೆಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಹಿಪೊಕ್ಯಾಂಪಸ್ ಅನ್ನೋ ಪುಟ್ಟ ಭಾಗವಿದೆ. ಹೊಸ ನೆನಪುಗಳನ್ನು ಕೂಡಿಡೋಕೆ ಅದು ಬೇಕೇ ಬೇಕು. ಕೆಲವರಲ್ಲಿ ಅಲ್ಲಿನ ನರಕೋಶಗಳು ಸತ್ತು, ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಮಾತ್ರೆಗೆ ಬಗ್ಗದ ಫಿಟ್ಸ್‌ಗೆ ಇದೊಂದು ದೊಡ್ಡ ಕಾರಣ.

ಎಂಆರ್‌ಐನಲ್ಲಿ ಇದಕ್ಕೆ ಎರಡು ಗುರುತು: ಹಿಪೊಕ್ಯಾಂಪಸ್ ಕುಗ್ಗಿರುತ್ತದೆ, ಕೆಲವು ಬಗೆಯ ಚಿತ್ರಗಳಲ್ಲಿ ಬೆಳ್ಳಗೆ ಕಾಣುತ್ತದೆ. ಆದರೆ ಮಾಮೂಲಿ ಸ್ಕ್ಯಾನಿನಲ್ಲಿ ಇದು ಕಣ್ತಪ್ಪಬಹುದು. ಹಿಪೊಕ್ಯಾಂಪಸ್‌ಗೆ ಅಡ್ಡಲಾಗಿ ತೆಳು ಪದರಗಳಲ್ಲಿ ಚಿತ್ರ ತೆಗೆಯುವ ‘ಎಪಿಲೆಪ್ಸಿ ಪ್ರೋಟೋಕಾಲ್’ ಬೇಕು.

ಕಂಡರೆ ಏನು ಲಾಭ? ಮೆದುಳಿನ ಇದೇ ಪಕ್ಕದಲ್ಲಿ ಫಿಟ್ಸ್ ಹುಟ್ಟುವ 80 ರೋಗಿಗಳ ಮೇಲೆ ಕೆನಡಾದಲ್ಲಿ ನಡೆದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ವರ್ಷದ ಬಳಿಕ, ಎಚ್ಚರ ತಪ್ಪಿಸುವ ಫಿಟ್ಸ್ ನಿಂತಿದ್ದು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 58 ಮಂದಿಗೆ. ಬರೀ ಮಾತ್ರೆಯ ಗುಂಪಿನಲ್ಲಿ? ಶೇ. 8!

ಶಸ್ತ್ರಚಿಕಿತ್ಸೆ ಎಲ್ಲರಿಗೂ ಹೊಂದಲ್ಲ, ನಿಜ. ಆದರೆ ನಮ್ಮ ನಿಮ್ಹಾನ್ಸ್‌ನಲ್ಲೂ ಅದು ಆಗುತ್ತೆ. ಎರಡು ಬಗೆಯ ಮಾತ್ರೆ ಸರಿಯಾಗಿ ನುಂಗಿದರೂ ಫಿಟ್ಸ್ ನಿಲ್ಲಲಿಲ್ಲವೇ? ಮಾತ್ರೆ ಬಿಡಬೇಡಿ, ‘ನಾರ್ಮಲ್’ ರಿಪೋರ್ಟ್ ಮಡಚಿಟ್ಟು ಸುಮ್ಮನೆ ಕೂರಲೂಬೇಡಿ. ಡಾಕ್ಟರನ್ನ ಕೇಳಿ: ‘ಸ್ಕ್ಯಾನ್ ಎಪಿಲೆಪ್ಸಿ ಪ್ರೋಟೋಕಾಲ್‌ನಲ್ಲಿ ಆಗಿದ್ಯಾ ಸಾರ್?’