ಓಟದ ಗಡಿಯಾರದಲ್ಲಿ ಬೇಡದ ಪರದೆಗಳು: ತೆಗೆಯುವುದು ಹೇಗೆ, ಉಳಿಸಬೇಕಾದುದು ಯಾವುದು?

ಸಾಣಾಪುರ (ಗಂಗಾವತಿ ತಾ.): ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತುಂಬಿ ನಿಲ್ಲುವ ಇಲ್ಲಿನ ಕೆರೆ, ಸುತ್ತಲಿನ ಬಂಡೆಗುಡ್ಡಗಳು, ಭತ್ತದ ಗದ್ದೆಗಳ ನಡುವೆ ಆನೆಗೊಂದಿಯತ್ತ ಸಾಗುವ ರಸ್ತೆ. ಇವು ಈಗ ಹರಿಗೋಲಿನ ವಿಹಾರಕ್ಕೆ ಬರುವವರಿಗಷ್ಟೇ ಅಲ್ಲ, ಓಡುವವರಿಗೂ ಸೈಕಲ್ ತುಳಿಯುವವರಿಗೂ ಮೆಚ್ಚಿನ ತಾಣಗಳಾಗಿವೆ. ವಿರೂಪಾಪುರಗಡ್ಡೆಯ ರೆಸಾರ್ಟುಗಳು 2020ರಲ್ಲಿ ನೆಲಸಮವಾದ ಬಳಿಕ ಪ್ರವಾಸಿಗರ ವಾಸ್ತವ್ಯ ಸಾಣಾಪುರ, ಹನುಮನಹಳ್ಳಿಗಳತ್ತ ಹೊರಳಿತು. ಹೀಗೆ ಬರುವವರ ಮಣಿಕಟ್ಟಿನಲ್ಲಿ ಜಿಪಿಎಸ್ ಗಡಿಯಾರ ಈಗ ಅಪರೂಪದ ವಸ್ತುವಲ್ಲ.

ಗಡಿಯಾರದ ಜೊತೆಗೆ ಒಂದು ಕಿರಿಕಿರಿಯೂ ಬಂದಿದೆ. ಎದೆಪಟ್ಟಿ, ಬೂಟಿಗೆ ಸಿಕ್ಕಿಸುವ ಫುಟ್ ಪಾಡ್, ಸೈಕಲ್ಲಿನ ದೀಪ, ಕ್ಯಾಮೆರಾ ಮುಂತಾದ ಉಪಸಾಧನಗಳನ್ನು ಒಮ್ಮೆ ಜೋಡಿಸಿದರೆ ಸಾಕು, ಅವುಗಳಿಗೆ ಸಂಬಂಧಿಸಿದ ಮಾಹಿತಿ ಪರದೆಗಳು ಗಡಿಯಾರದಲ್ಲಿ ಬಂದು ಕೂರುತ್ತವೆ. ಕೆಲವನ್ನು ಬಳಕೆದಾರನೇ ಕುತೂಹಲಕ್ಕೆಂದು ಸೇರಿಸಿ ಮರೆತಿರುತ್ತಾನೆ. ಕೆಲವು ತಾವಾಗಿಯೇ ಸೇರಿಕೊಂಡಿರುತ್ತವೆ. ಉಪಸಾಧನವನ್ನು ಮನೆಯಲ್ಲೇ ಬಿಟ್ಟು ಬಂದ ದಿನವೂ ಈ ಪರದೆಗಳಲ್ಲಿ ಹಲವು ಎದುರಾಗುತ್ತವೆ. ಅಂಕಿಯ ಜಾಗದಲ್ಲಿ ಬರಿಯ ಅಡ್ಡಗೆರೆಗಳಿರುತ್ತವೆ, ಅಷ್ಟೇ. ಬೇಕಾದ ಮಾಹಿತಿಯನ್ನು ತಲುಪಲು ಗುಂಡಿಯನ್ನು ನಾಲ್ಕಾರು ಬಾರಿ ಒತ್ತಬೇಕಾಗುತ್ತದೆ.

ಇದನ್ನು ಕೇವಲ ಸೌಕರ್ಯದ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗುವ ಸೈಕಲ್ 3 ಸೆಕೆಂಡಿನಲ್ಲಿ 25 ಮೀಟರ್ ಕ್ರಮಿಸುತ್ತದೆ. ಅಷ್ಟು ದೂರ ಸವಾರನ ಕಣ್ಣು ರಸ್ತೆಯ ಮೇಲಿರುವುದಿಲ್ಲ. ಭತ್ತದ ಕೊಯ್ಲಿನ ದಿನಗಳಲ್ಲಿ ಟ್ರ್ಯಾಕ್ಟರುಗಳೂ, ಹನುಮಮಾಲೆಯ ದಿನಗಳಲ್ಲಿ ಅಂಜನಾದ್ರಿಗೆ ನಡೆದು ಬರುವ ಭಕ್ತರೂ ತುಂಬಿರುವ ಈ ಕಿರಿದಾದ ರಸ್ತೆಯಲ್ಲಿ 25 ಮೀಟರ್ ಅಲ್ಪವೇನಲ್ಲ.

ಪರದೆಗಳು ಹೆಚ್ಚಿದ ಬಗೆ

ಅಮೆರಿಕ ಸರ್ಕಾರವು ನಾಗರಿಕರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಮೂರು ವರ್ಷಗಳ ಬಳಿಕ, 2003ರಲ್ಲಿ, ಗಾರ್ಮಿನ್ ಸಂಸ್ಥೆಯ ಮೊದಲ ‘ಫೋರ್‌ರನ್ನರ್’ ಗಡಿಯಾರಗಳು ಮಾರುಕಟ್ಟೆಗೆ ಬಂದವು. ದೂರ, ಸಮಯ, ವೇಗಗಳೇ ಅಂದಿನ ಓಟಗಾರನಿಗೆ ಹಬ್ಬ. 2013ರಲ್ಲಿ ಬಂದ ‘ಫೋರ್‌ರನ್ನರ್ 620’ ಎದೆಪಟ್ಟಿಯ ನೆರವಿನಿಂದ ಓಟದ ಶೈಲಿಯನ್ನೇ ಅಳೆಯತೊಡಗಿತು. ನಿಮಿಷಕ್ಕೆ ಎಷ್ಟು ಹೆಜ್ಜೆ, ದೇಹ ಎಷ್ಟು ಸೆಂಟಿಮೀಟರ್ ಮೇಲೆ ಕೆಳಗೆ ಆಡುತ್ತದೆ, ಪಾದ ಎಷ್ಟು ಮಿಲಿಸೆಕೆಂಡ್ ನೆಲದ ಮೇಲಿರುತ್ತದೆ ಎಂಬ ಲೆಕ್ಕವದು. ‘ರನ್ನಿಂಗ್ ಡೈನಮಿಕ್ಸ್’ ಎಂಬ ಹೆಸರಿನ ಈ ಪರದೆಗಳಲ್ಲಿ ಕೆಂಪಿನಿಂದ ನೇರಳೆಯವರೆಗೆ ಐದು ಬಣ್ಣಗಳ ಮಾಪಕವಿರುತ್ತದೆ. ನಿಮಿಷಕ್ಕೆ 153ಕ್ಕಿಂತ ಕಡಿಮೆ ಹೆಜ್ಜೆಯಾದರೆ ಕೆಂಪು, 183ನ್ನು ಮೀರಿದರೆ ನೇರಳೆ.

ತರಬೇತಿಯಲ್ಲಿ ತೊಡಗಿದವರಿಗೆ ಇದು ಉಪಯುಕ್ತವೇ ಸರಿ. ಆದರೆ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತುವವನಿಗೆ ಅದರಿಂದೇನು ಪ್ರಯೋಜನ? ನಡೆಯುವಾಗ ಪಾದ ನೆಲದ ಮೇಲಿರುವ ಅವಧಿಯ ಅಳತೆ ದೊರೆಯುವುದೇ ಇಲ್ಲ. ಎದೆಪಟ್ಟಿ ಇದ್ದರೂ ಆ ಜಾಗ ಖಾಲಿ. ಉಪಸಾಧನ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವ ಮುನ್ನ ಇದನ್ನು ನೆನೆಯುವುದು ಒಳಿತು.

ಗಾರ್ಮಿನ್‌ನ ‘ವರ್ಬ್’ ಕ್ಯಾಮೆರಾದ ಕಥೆ ಇನ್ನೊಂದು ಬಗೆಯದು. ಅದನ್ನು ಜೋಡಿಸಿದ ಗಡಿಯಾರದಲ್ಲಿ, ಕ್ಯಾಮೆರಾ ಸಿಕ್ಕೊಡನೆ, ಅದರ ಪರದೆ ಓಟದ ಪರದೆಗಳ ಸಾಲಿನಲ್ಲಿ ತಾನೇ ಕಾಣಿಸಿಕೊಳ್ಳುವಂತೆ ಏರ್ಪಾಡಿತ್ತು. ಹಳೆಯ ಗಡಿಯಾರವನ್ನು ಕೈ ಬದಲಾಯಿಸಿ ಕೊಂಡವರು ಇಂಥ ಪರದೆಯೊಂದನ್ನು ಕಂಡು ತಬ್ಬಿಬ್ಬಾಗುವುದು ಸಹಜ.

ಮತ್ತೊಬ್ಬರ ಉಪಸಾಧನವೂ ತಪ್ಪಿ ನಮ್ಮ ಗಡಿಯಾರಕ್ಕೆ ಜೋಡಣೆಯಾಗಬಹುದು. ‘ಆಂಟ್ ಪ್ಲಸ್’, ಬ್ಲೂಟೂತ್ ಎರಡೂ 2.4 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೊ ತರಂಗಗಳನ್ನೇ ಬಳಸುತ್ತವೆ. ಹತ್ತು ಮಂದಿ ಓಟಗಾರರು ಕೆರೆಯ ಬಳಿ ಸೇರಿರುವಾಗ ಹೊಸ ಎದೆಪಟ್ಟಿಯನ್ನು ಜೋಡಿಸಲು ಹೊರಟರೆ ಪಕ್ಕದವರ ಪಟ್ಟಿ ಸಿಕ್ಕಿಕೊಳ್ಳಬಹುದು. ಉಪಸಾಧನವನ್ನು ಗಡಿಯಾರದಿಂದ 3 ಮೀಟರ್ ಒಳಗೆ ಇರಿಸಿ, ಇತರರ ಉಪಸಾಧನಗಳಿಂದ 10 ಮೀಟರ್ ದೂರ ಸರಿದು ಜೋಡಿಸಬೇಕೆಂದು ಗಾರ್ಮಿನ್ ಕೈಪಿಡಿ ತಿಳಿಸುತ್ತದೆ. ಈ ಕೆಲಸವನ್ನು ಮನೆಯಲ್ಲೇ ಮುಗಿಸಿ ಬರುವುದು ಇನ್ನೂ ಸುಲಭ.

ತೆಗೆಯುವ ಕ್ರಮ

ಐದು ಗುಂಡಿಗಳಿರುವ ಗಾರ್ಮಿನ್ ಮಾದರಿಗಳಲ್ಲಿ ಮೊದಲು ಬಲ ಮೇಲ್ಭಾಗದ ‘ಸ್ಟಾರ್ಟ್’ ಗುಂಡಿಯನ್ನು ಒತ್ತಿ ಓಟ, ಸೈಕಲ್ ಅಥವಾ ಚಾರಣವನ್ನು ಆರಿಸಬೇಕು. ಓಟವನ್ನು ಆರಂಭಿಸದೆ, ಎಡಬದಿಯ ನಡುವಿನ ‘ಅಪ್’ ಗುಂಡಿಯನ್ನು ಒತ್ತಿ ಹಿಡಿದರೆ ಮೆನು ತೆರೆಯುತ್ತದೆ. ಅಲ್ಲಿ ಆ ಚಟುವಟಿಕೆಯ ‘ಸೆಟ್ಟಿಂಗ್ಸ್’, ಅದರೊಳಗೆ ‘ಡೇಟಾ ಸ್ಕ್ರೀನ್ಸ್’. ಬೇಡದ ಪರದೆಗೆ ಸಾಗಿ ಅದನ್ನು ಆರಿಸಿದರೆ ‘ರಿಮೂವ್’ ಎಂಬ ಆಯ್ಕೆ ದೊರೆಯುತ್ತದೆ. ಹಳೆಯ ಕೆಲವು ಮಾದರಿಗಳಲ್ಲಿ ಅದರ ಬದಲು ‘ಆನ್–ಆಫ್’ ಇರುತ್ತದೆ. ಆಫ್ ಮಾಡಿದರೆ ಸಾಕು. ಪರದೆಗಳನ್ನು ಹಿಂದೆ ಮುಂದೆ ಮಾಡಲು ‘ರೀಆರ್ಡರ್’ ಇದೆ. ಸ್ಪರ್ಶ ಪರದೆಯ ಮಾದರಿಗಳಲ್ಲಿ ದಾರಿ ತುಸು ಬೇರೆಯಾದರೂ ಹೆಸರುಗಳು ಬಹುಮಟ್ಟಿಗೆ ಇವೇ.

ಒಂದು ಚಟುವಟಿಕೆಯಲ್ಲಿ ತೆಗೆದ ಪರದೆ ಮತ್ತೊಂದರಲ್ಲಿ ಉಳಿದೇ ಇರುತ್ತದೆ. ರಸ್ತೆ ಓಟ, ಗುಡ್ಡದ ಓಟ, ಸೈಕಲ್ - ಪ್ರತಿಯೊಂದಕ್ಕೂ ಪ್ರತ್ಯೇಕ ಸಾಲು. ‘ನಿನ್ನೆ ತೆಗೆದಿದ್ದೆ, ಇಂದು ಮತ್ತೆ ಬಂದಿದೆ’ ಎಂಬ ದೂರಿಗೆ ಬಹುಶಃ ಇದೇ ಕಾರಣ.

ಹಲವರು ಪರದೆಯ ಕಾಟಕ್ಕೆ ಬೇಸತ್ತು ‘ಸೆನ್ಸರ್ಸ್ ಅಂಡ್ ಆಕ್ಸೆಸರೀಸ್’ ಪಟ್ಟಿಗೆ ಹೋಗಿ ಉಪಸಾಧನವನ್ನೇ ಅಳಿಸಿಬಿಡುತ್ತಾರೆ. ಇದು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ. ಉಪಸಾಧನದ ಜೋಡಣೆ ಕಡಿದುಹೋಗುತ್ತದೆ, ಅಳತೆಯೂ ನಿಲ್ಲುತ್ತದೆ. ಪರದೆಯನ್ನು ಮಾತ್ರ ತೆಗೆದರೆ ಹೀಗಾಗದು. ಎದೆಪಟ್ಟಿಯ ನಾಡಿಮಿಡಿತ, ಹೆಜ್ಜೆಯ ಲೆಕ್ಕ, ಓಟದ ಶೈಲಿಯ ಅಂಕಿಗಳು ಪರದೆಯ ಮೇಲೆ ಕಾಣದಿದ್ದರೂ ಗಡಿಯಾರದ ಕಡತದಲ್ಲಿ ದಾಖಲಾಗುತ್ತಲೇ ಇರುತ್ತವೆ. ಮನೆಗೆ ಮರಳಿ ಮೊಬೈಲಿನಲ್ಲಿ ನಿಧಾನವಾಗಿ ನೋಡಬಹುದು. ಗುಡ್ಡ ಏರುವಾಗ ನೋಡಲಾಗದ್ದನ್ನು ಗುಡ್ಡದ ಮೇಲೆಯೇ ನೋಡಬೇಕೆಂಬ ಹಟವೇಕೆ?

ಇದಕ್ಕೊಂದು ಅಪವಾದವಿದ್ದು, ಅದನ್ನು ಅರಿಯದೆ ಪರದೆ ತೆಗೆದರೆ ನಷ್ಟವುಂಟು. ‘ಕನೆಕ್ಟ್ ಐಕ್ಯೂ’ ಅಂಗಡಿಯಿಂದ ಇಳಿಸಿಕೊಂಡ ಹೊರಗಿನವರ ಮಾಹಿತಿ ಅಂಕಣಗಳು ಯಾವುದಾದರೂ ಪರದೆಯಲ್ಲಿ ಸ್ಥಾನ ಪಡೆದಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಫುಟ್ ಪಾಡ್‌ನಿಂದ ಓಟದ ಶಕ್ತಿಯನ್ನು ವಾಟ್ ಲೆಕ್ಕದಲ್ಲಿ ಅಳೆಯುವ ‘ಸ್ಟ್ರೈಡ್’ ಅಂಕಣ ಇದಕ್ಕೆ ಉದಾಹರಣೆ. ಅದನ್ನು ತೆಗೆದ ದಿನದಿಂದ ಆ ಅಂಕಣದ ದಾಖಲೆಯೂ ಇಲ್ಲ. ಇಂಥ ಅಂಕಣವನ್ನು ತೆಗೆಯುವ ಬದಲು ‘ರೀಆರ್ಡರ್’ ಮೂಲಕ ಸಾಲಿನ ಕೊನೆಗೆ ತಳ್ಳಿದರೆ ಅದು ದಾಖಲಿಸುತ್ತಲೂ ಇರುತ್ತದೆ, ಕಣ್ಣಿಗೂ ಅಡ್ಡ ಬಾರದು.

‘ಆಟೋ ಸ್ಕ್ರಾಲ್’ ಸೌಲಭ್ಯವನ್ನು ಆನ್ ಮಾಡಿಕೊಂಡವರು ಪರದೆಗಳ ಸಂಖ್ಯೆಯ ಬಗ್ಗೆ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು. ಪರದೆಗಳು ತಾವೇ ಸರಿಯುತ್ತಿರುವಾಗ, ಹತ್ತು ಪರದೆಗಳಿದ್ದು ಒಂದೊಂದೂ 4 ಸೆಕೆಂಡ್ ನಿಂತರೆ ನೋಡಬೇಕಾದ ಅಂಕಿ ಮರಳಿ ಬರಲು 40 ಸೆಕೆಂಡ್ ಬೇಕು. ಮೂರೇ ಪರದೆಗಳಿದ್ದರೆ 12 ಸೆಕೆಂಡ್.

ಸಾಣಾಪುರಕ್ಕೆ ಬೇಕಾದ ಮೂರು

ಮೂರೇ ಆದರೆ ಯಾವ ಮೂರು? ಊರಿಗೆ ತಕ್ಕಂತೆ ಉತ್ತರ ಬದಲಾಗುತ್ತದೆ. ಇಲ್ಲಿನ ಮಟ್ಟಿಗೆ ಮೊದಲನೆಯದು ದೂರ, ಸಮಯ, ವೇಗ. ಇದರಲ್ಲಿ ಚರ್ಚೆಯಿಲ್ಲ.

ಎರಡನೆಯದು ನಾಡಿಮಿಡಿತ. ಏಪ್ರಿಲ್–ಮೇ ತಿಂಗಳಲ್ಲಿ ಈ ಭಾಗದ ಉಷ್ಣಾಂಶ 40 ಡಿಗ್ರಿಯ ಆಸುಪಾಸು ಮುಟ್ಟುತ್ತದೆ, ಹಗಲಿಡೀ ಕಾದ ಬಂಡೆಗಳು ಸಂಜೆಯಲ್ಲೂ ಬಿಸಿಯನ್ನು ಹೊರಸೂಸುತ್ತವೆ. ದೇಹವನ್ನು ತಂಪಾಗಿಸಲು ರಕ್ತ ಚರ್ಮದತ್ತ ಹರಿಯುವುದರಿಂದ, ಅದೇ ವೇಗದಲ್ಲಿ ಓಡಿದರೂ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ವೇಗವನ್ನಷ್ಟೇ ನೋಡುತ್ತ ಓಡುವವನಿಗೆ ಈ ಏರಿಕೆ ತಿಳಿಯದು. ಬೆಂಗಳೂರಿನ ತಂಪಿನಲ್ಲಿ ಓಡಿ ರೂಢಿಯಾದವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮೂರನೆಯದು ನಕ್ಷೆ ಅಥವಾ ಬಂದ ದಾರಿಯನ್ನು ತೋರುವ ಪರದೆ, ಅದರ ಜೊತೆಗೆ ಸೂರ್ಯಾಸ್ತದ ಸಮಯ. ಬಂಡೆಗಳ ನಡುವಿನ ಕಾಲುದಾರಿಗಳು ಒಂದರಂತೆ ಇನ್ನೊಂದು ಕಾಣುತ್ತವೆ. ಡಿಸೆಂಬರ್ ಮೊದಲ ವಾರದಲ್ಲಿ ಇಲ್ಲಿ ಸಂಜೆ 6ಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಈ ಬೆಟ್ಟಸಾಲಿನಲ್ಲಿ ಚಿರತೆ, ಕರಡಿಗಳ ಸಂಚಾರವಿದೆ. 2020ರಲ್ಲಿ ಆನೆಗೊಂದಿ ಸಮೀಪ ಚಿರತೆಯ ದಾಳಿಗೆ ಯುವಕನೊಬ್ಬ ಬಲಿಯಾಗಿದ್ದ. ಕತ್ತಲಾಗುವ ಹೊತ್ತಿಗೆ ಮರಳುವ ದಾರಿಯ ಪರದೆ ಒಂದೇ ಒತ್ತಿಗೆ ಸಿಗುವಂತಿರಬೇಕು, ಕ್ಯಾಮೆರಾ, ಹಾಡು, ದೀಪಗಳ ಪರದೆಗಳ ಹಿಂದೆ ಅವಿತಿರಬಾರದು. ಎತ್ತರದ ಬಂಡೆಗಳಿಗೆ ಬಡಿದು ಪ್ರತಿಫಲಿಸುವ ಸಂಕೇತದಿಂದ ನಕ್ಷೆಯ ಮೇಲಿನ ಗುರುತು ಕೆಲವು ಮೀಟರ್ ಅತ್ತಿತ್ತ ಜಿಗಿಯಬಹುದೆಂಬುದನ್ನೂ ಗಮನದಲ್ಲಿಡಬೇಕು.

ಸೈಕಲ್ ಸವಾರರಿಗೆ ಇನ್ನೊಂದು ಮಾತು. ಹಿಂದಿನಿಂದ ಬರುವ ವಾಹನವನ್ನು ತಿಳಿಸುವ ‘ವೇರಿಯಾ’ ರೇಡಾರ್ ಬಳಸುವವರು ಬೇಡದ ಪರದೆಗಳ ಜೊತೆ ಅದರ ಎಚ್ಚರಿಕೆಯನ್ನೂ ಆಫ್ ಮಾಡಬಾರದು. 140 ಮೀಟರ್ ದೂರದಿಂದಲೇ ವಾಹನವನ್ನು ಗುರುತಿಸುವ ಈ ಸಾಧನದ ಪ್ರಯೋಜನವಿರುವುದೇ ಆ ಎಚ್ಚರಿಕೆಯಲ್ಲಿ.

ಪೋಲಾರ್, ಸುಂಟೊ, ಕೋರೋಸ್ ಗಡಿಯಾರಗಳಲ್ಲಿ ಪರದೆಗಳ ಜೋಡಣೆಯನ್ನು ಮೊಬೈಲ್ ಆ್ಯಪ್ ಮೂಲಕ ಮಾಡಬಹುದು. ಬದಲಾವಣೆಯ ಬಳಿಕ ಗಡಿಯಾರವನ್ನು ಆ್ಯಪ್‌ನೊಂದಿಗೆ ಸಿಂಕ್ ಮಾಡದಿದ್ದರೆ ಹಳೆಯ ಪರದೆಗಳೇ ಉಳಿಯುತ್ತವೆ. ಯಾವ ಸಂಸ್ಥೆಯ ಗಡಿಯಾರವಾದರೂ ಪೂರ್ತಿ ‘ರೀಸೆಟ್’ ಮಾಡುವ ಅಗತ್ಯ ಇಲ್ಲಿಲ್ಲ. ಮೊಬೈಲಿಗೆ ರವಾನೆಯಾಗದ ಓಟದ ದಾಖಲೆಗಳು ಅದರಿಂದ ಅಳಿಸಿಹೋಗುವ ಸಂಭವವಿದೆ. ಬದಲಾವಣೆ ಮುಗಿದ ಮೇಲೆ ಮನೆಯಂಗಳದಲ್ಲೇ ಒಂದೆರಡು ನಿಮಿಷ ಓಟವನ್ನು ಆರಂಭಿಸಿ, ಒಮ್ಮೆ ಎಲ್ಲ ಪರದೆಗಳನ್ನೂ ಸರಿಸಿ ನೋಡಿ, ‘ಡಿಸ್ಕಾರ್ಡ್’ ಒತ್ತಿದರಾಯಿತು.