ಘಟ್ಟದ ಹಾದಿಯಲ್ಲಿ ಗಾಡಿ ಕೆಟ್ಟರೆ

ಮುಂಬಯಿಯಿಂದ ಸ್ವಂತ ವಾಹನದಲ್ಲಿ ಊರಿಗೆ ಹೊರಡುವ ಕನ್ನಡಿಗರಿಗೆ ಹಾದಿಗಳು ಮುಖ್ಯವಾಗಿ ಎರಡು. ಪನವೇಲಿನಿಂದ ಕೊಂಕಣದ ದಾರಿ ಹಿಡಿದು ಕಾರವಾರ, ಉಡುಪಿ, ಮಂಗಳೂರಿಗೆ ಹೋಗುವುದೊಂದು. ಪುಣೆ, ಸಾತಾರಾ, ಕೊಲ್ಹಾಪುರಗಳ ಮೇಲೆ ಬೆಳಗಾವಿ, ಹುಬ್ಬಳ್ಳಿಗಳಿಗೆ ಹೋಗುವುದು ಮತ್ತೊಂದು. ಎರಡರಲ್ಲಿಯೂ ಘಟ್ಟ ತಪ್ಪದು.

ಖಂಡಾಳಾ ಘಟ್ಟದ ರಸ್ತೆಯನ್ನು 1830ರಲ್ಲಿ ಗವರ್ನರ್ ಸರ್ ಜಾನ್ ಮಾಲ್ಕಮ್ ತೆರೆದನು. 2002ರ ಹೊತ್ತಿಗೆ ದ್ರುತಗತಿ ಮಾರ್ಗವೂ ಪೂರ್ಣಗೊಂಡಿತು. ರಸ್ತೆ ಬದಲಾದರೂ ಖೋಪೋಲಿಯಿಂದ ಲೋಣಾವಳಕ್ಕೆ 500 ಮೀಟರಿಗೂ ಮಿಕ್ಕಿದ ಏರು ಹಾಗೆಯೇ ಇದೆ. ತುಂಬಿದ ಗಾಡಿ ಇಂತಹ ಏರಿನಲ್ಲಿ ಮೆಲ್ಲನೆ ತೆವಳುವಾಗ ಎಂಜಿನ್ನಿಗೆ ಶ್ರಮ ಹೆಚ್ಚು, ರೇಡಿಯೇಟರಿಗೆ ತಗಲುವ ಗಾಳಿ ಕಡಿಮೆ. ಆದುದರಿಂದ ನೀರು ಕಾದು, ಉಷ್ಣಮಾಪಕದ ಮುಳ್ಳು ಕೆಂಪಿಗೇರುತ್ತದೆ. ಆಗ ಗಾಡಿಯನ್ನು ಬದಿಗೆ ತಂದು ಎಂಜಿನ್ ನಿಲ್ಲಿಸತಕ್ಕದ್ದು. ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಕೂಡಲೇ ತೆರೆಯಬಾರದು. ಒಳಗಿನ ಒತ್ತಡದಿಂದಾಗಿ ಆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡವಿಳಿದು, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಎಂಜಿನ್ ಪೂರ್ತಿ ತಣಿಯುವ ತನಕ ಕಾಯಬೇಕು.

ಆದರೆ ಕೆಟ್ಟ ಎಂಜಿನ್ನಿಗಿಂತ ದೊಡ್ಡ ಅಪಾಯ ಹಿಂದಿನಿಂದ ಬರುವ ವಾಹನದ್ದು. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಚಾಲಕನು ಕಂಡು, ತಿಳಿದು, ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿಯೇ ಅಷ್ಟು ದೂರ ಕಳೆದಿರುತ್ತದೆ. ಆದಕಾರಣ ಮೊದಲು ಮನುಷ್ಯರು, ಅನಂತರ ಎಚ್ಚರಿಕೆಯ ಗುರುತು, ಕಡೆಗೆ ಎಂಜಿನ್ ಎಂಬ ಕ್ರಮವನ್ನು ಮರೆಯಬಾರದು.

ಗಾಡಿಯನ್ನು ಎಡ ಅಂಚಿಗೆ ಸೇರಿಸಿ, ನಾಲ್ಕೂ ಮಿನುಗುದೀಪ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಲ್ಲರೂ ಎಡಬಾಗಿಲಿನಿಂದಲೇ ಇಳಿದು, ಸಾಧ್ಯವಿದ್ದಲ್ಲಿ ರಸ್ತೆಯಂಚಿನ ಕಂಬಿಯ ಆಚೆ ನಿಲ್ಲಲಿ. ಒಳಗೆ ಕುಳಿತು ಕಾಯುವುದೂ, ಡಿಕ್ಕಿ ತೆರೆದು ಬುತ್ತಿ ಬಿಚ್ಚುತ್ತ ಹಿಂದೀಪಕ್ಕೆ ಅಡ್ಡ ನಿಲ್ಲುವುದೂ ಪ್ರಾಣಕ್ಕೆ ಎರವು. ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಬೇಕು; ತಿರುವಿದ್ದರೆ ತಿರುವಿಗೂ ಮೊದಲೇ ಇಡಬೇಕು. ಚಕ್ರಕ್ಕೆ ಒತ್ತುಕೊಟ್ಟ ಕಲ್ಲನ್ನು ಹೊರಡುವಾಗ ತೆಗೆದುಬಿಡಿ. ಇಲ್ಲವಾದರೆ ಕತ್ತಲೆಯಲ್ಲಿ ಬರುವ ಬೈಕಿನವನಿಗೆ ಅದೇ ಯಮ.

ಸಹಾಯಕ್ಕೆ ಎಲ್ಲಿಂದಲಾದರೂ 112ಕ್ಕೂ, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೂ ಫೋನು ಮಾಡಬಹುದು. ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿಯನ್ನೂ ಹೋಗುತ್ತಿರುವ ದಿಕ್ಕನ್ನೂ ಹೇಳಿದರೆ ಹುಡುಕುವವರಿಗೆ ಅನುಕೂಲ. ಹಗ್ಗ ಕಟ್ಟಿ ಎಳೆಸುವ ಮಾತನ್ನು ಘಟ್ಟದಲ್ಲಿ ಒಪ್ಪಬೇಡಿ. ಎಂಜಿನ್ ನಿಂತ ಗಾಡಿಯ ಬ್ರೇಕೂ ಸ್ಟಿಯರಿಂಗೂ ಬಹಳ ಬಿಗಿಯಾಗಿರುತ್ತವೆ. ಕ್ರೇನ್ ಬರುವ ತನಕ ಕಾಯುವುದೇ ಲೇಸು.

ಹೊರಡುವ ಮುನ್ನ ರೇಡಿಯೇಟರಿನ ನೀರು, ಸ್ಟೆಪ್ನಿಯ ಗಾಳಿ, ತ್ರಿಕೋನ, ಟಾರ್ಚು ಇವನ್ನು ನೋಡಿಕೊಳ್ಳಿ. ದಾರಿಯಲ್ಲಿ ನಾಲ್ಕು ಗಂಟೆ ತಡವಾದರೂ ಊರು ಎಲ್ಲಿಗೂ ಓಡಿಹೋಗದು.