ಸ್ಕ್ರಮ್ ಚೌಕಟ್ಟು

ಸ್ಕ್ರಮ್ ಎಂಬುದು, ಪೂರ್ಣ ಸ್ವರೂಪವನ್ನು ಮೊದಲೇ ನಿರ್ಧರಿಸಲಾಗದ ಸಂಕೀರ್ಣ ಕೆಲಸಗಳನ್ನು ಚಿಕ್ಕ ತಂಡವೊಂದು ಅಲ್ಪಾವಧಿಯ ಹಂತಗಳಲ್ಲಿ ನಿರ್ವಹಿಸಲು ಅನುಸರಿಸುವ ಒಂದು ಕಾರ್ಯಚೌಕಟ್ಟು. ಅಜೈಲ್ ಎಂದು ಕರೆಯಲಾಗುವ ಕಾರ್ಯಪದ್ಧತಿಗಳಲ್ಲಿ ಇದು ಹೆಚ್ಚು ಬಳಕೆಯಲ್ಲಿದೆ. ತಂತ್ರಾಂಶ ಅಭಿವೃದ್ಧಿಯ ಕ್ಷೇತ್ರದಲ್ಲಿ ಹುಟ್ಟಿದ ಈ ಚೌಕಟ್ಟು ಇಂದು ಶಿಕ್ಷಣ, ಸಂಶೋಧನೆ, ಯಂತ್ರೋಪಕರಣಗಳ ವಿನ್ಯಾಸ ಮೊದಲಾದ ಕ್ಷೇತ್ರಗಳಿಗೂ ಹಬ್ಬಿದೆ. ಮೇಲಧಿಕಾರಿಯು ಕೆಲಸವನ್ನು ಹಂಚಿ ಲೆಕ್ಕ ಕೇಳುವ ಕ್ರಮಕ್ಕೆ ಬದಲಾಗಿ, ತಂಡವೇ ತನ್ನ ಕೆಲಸವನ್ನು ತಾನು ನಿರ್ವಹಿಸಿಕೊಳ್ಳುವುದು ಇದರ ಮುಖ್ಯ ಲಕ್ಷಣವಾಗಿದೆ. ಆದ್ದರಿಂದ ಸ್ಕ್ರಮ್ ತಂಡವನ್ನು ಮುನ್ನಡೆಸುವವರ ಪಾತ್ರವು ಸಾಂಪ್ರದಾಯಿಕ ವ್ಯವಸ್ಥಾಪಕರ ಪಾತ್ರಕ್ಕಿಂತ ಭಿನ್ನವಾದುದು.

ಹೆಸರಿನ ಮೂಲ

ಸ್ಕ್ರಮ್ ಎಂಬುದು ರಗ್ಬಿ ಆಟದ ಪದ. ಆಟಗಾರರು ಒತ್ತೊತ್ತಾಗಿ ತೋಳಿಗೆ ತೋಳು ಬೆಸೆದು ಚೆಂಡಿಗಾಗಿ ಒಟ್ಟಿಗೆ ತಳ್ಳುವ ಕ್ರಿಯೆಗೆ ಆ ಆಟದಲ್ಲಿ ಸ್ಕ್ರಮ್ ಎನ್ನುತ್ತಾರೆ. ಜಪಾನಿನ ವಿದ್ವಾಂಸರಾದ ಹಿರೊಟಾಕ ತಾಕೆಯುಚಿ ಮತ್ತು ಇಕುಜಿರೊ ನೊನಾಕಾ ಅವರು 1986ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಹೋಲಿಕೆಯನ್ನು ಬಳಸಿದರು. ಹೋಂಡಾ, ಕ್ಯಾನನ್ ಮುಂತಾದ ಸಂಸ್ಥೆಗಳು ಹೊಸ ಉತ್ಪನ್ನಗಳನ್ನು ರೂಪಿಸುತ್ತಿದ್ದ ರೀತಿಯನ್ನು ಅವರು ಅಧ್ಯಯನ ಮಾಡಿದ್ದರು. ಒಬ್ಬ ಓಟಗಾರ ತನ್ನ ಪಾಲಿನ ದೂರವನ್ನು ಓಡಿ ಕೋಲನ್ನು ಇನ್ನೊಬ್ಬನ ಕೈಗಿಡುವ ರಿಲೇ ಓಟದಂತೆ ವಿಭಾಗದಿಂದ ವಿಭಾಗಕ್ಕೆ ಕೆಲಸ ಸಾಗುವುದಕ್ಕಿಂತ, ಇಡೀ ತಂಡವು ಚೆಂಡನ್ನು ಹಿಂದೆ ಮುಂದೆ ಸಾಗಿಸುತ್ತ ಒಟ್ಟಾಗಿ ಮುನ್ನಡೆಯುವುದು ವೇಗಕ್ಕೂ ಹೊಸ ಆಲೋಚನೆಗೂ ಅನುಕೂಲವೆಂಬುದು ಅವರ ವಾದವಾಗಿತ್ತು.

ಇತಿಹಾಸ

ತಂತ್ರಾಂಶವನ್ನು ಕಟ್ಟಡದಂತೆ ಕ್ರಮಬದ್ಧವಾಗಿ ನಿರ್ಮಿಸಬೇಕೆಂಬುದು ಬಹುಕಾಲ ರೂಢಿಯಲ್ಲಿದ್ದ ಭಾವನೆ. ಅಗತ್ಯಗಳ ಪಟ್ಟಿ, ವಿನ್ಯಾಸ, ರಚನೆ, ಪರೀಕ್ಷೆ, ಹಸ್ತಾಂತರ ಎಂಬ ಹಂತಗಳು ಒಂದರ ನಂತರ ಒಂದು ಇಳಿದು ಬರುವುದರಿಂದ ಇದಕ್ಕೆ ಜಲಪಾತ ಮಾದರಿ ಎಂಬ ಹೆಸರು ಬಂದಿತು. ವಿನ್ಸ್ಟನ್ ರಾಯ್ಸ್ ಅವರು 1970ರ ತಮ್ಮ ಪ್ರಬಂಧದಲ್ಲಿ ಇಂತಹ ಕ್ರಮವನ್ನು ಚಿತ್ರಿಸಿ, ಅದನ್ನು ಹಾಗೆಯೇ ಅನುಸರಿಸಿದರೆ ದೋಷಗಳು ಕೊನೆಯ ಪರೀಕ್ಷೆಯ ಹಂತದಲ್ಲಿ ಮಾತ್ರ ಬೆಳಕಿಗೆ ಬರುವ ಅಪಾಯವಿದೆಯೆಂದು ಎಚ್ಚರಿಸಿದ್ದರು.

1993ರಲ್ಲಿ ಜೆಫ್ ಸದರ್ಲೆಂಡ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ಈಸೆಲ್ ಕಾರ್ಪೊರೇಷನ್ ಸಂಸ್ಥೆಯಲ್ಲಿ ಸ್ಕ್ರಮ್ ಕ್ರಮವನ್ನು ಮೊದಲ ಬಾರಿಗೆ ಪ್ರಯೋಗಿಸಿದರು. ಕೆನ್ ಶ್ವಾಬರ್ ಅವರೂ ಅದೇ ಕಾಲದಲ್ಲಿ ಇಂತಹುದೇ ಕ್ರಮವನ್ನು ರೂಪಿಸುತ್ತಿದ್ದರು. 1995ರಲ್ಲಿ ಇದನ್ನು ಊಪ್ಸ್ಲಾ ಸಮ್ಮೇಳನದ ಮುಂದಿಡಲಾಯಿತು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಸೇರಿದ 17 ಮಂದಿ ತಂತ್ರಾಂಶ ತಜ್ಞರು ಅಜೈಲ್ ಪ್ರಣಾಳಿಕೆಯನ್ನು ಹೊರಡಿಸಿದರು. ಸದರ್ಲೆಂಡ್ ಮತ್ತು ಶ್ವಾಬರ್ ಅವರೂ ಅದಕ್ಕೆ ಸಹಿ ಹಾಕಿದವರಲ್ಲಿ ಸೇರಿದ್ದರು. ಇವರಿಬ್ಬರೂ ಬರೆದ ಸ್ಕ್ರಮ್ ಗೈಡ್ ಎಂಬ ಕಿರುಪುಸ್ತಿಕೆಯು 2010ರಲ್ಲಿ ಮೊದಲು ಹೊರಬಂದು, ಹಲವು ಬಾರಿ ಪರಿಷ್ಕೃತಗೊಂಡಿದೆ. ಈ ಲೇಖನದಲ್ಲಿರುವ ನಿಯಮಗಳು 2020ರ ಪರಿಷ್ಕರಣೆಗೆ ಅನುಗುಣವಾಗಿವೆ.

ತಂಡದ ರಚನೆ

ಸ್ಕ್ರಮ್ ತಂಡದಲ್ಲಿ ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಕಡಿಮೆ ಸದಸ್ಯರಿರುತ್ತಾರೆ. ತಂಡದೊಳಗೆ ಉಪತಂಡಗಳಾಗಲಿ, ಹುದ್ದೆಗಳ ಏಣಿಯಾಗಲಿ ಇರುವುದಿಲ್ಲ. ಮೂರು ಬಗೆಯ ಹೊಣೆಗಾರಿಕೆಗಳಿರುತ್ತವೆ.

ಪ್ರಾಡಕ್ಟ್ ಓನರ್: ಏನನ್ನು ನಿರ್ಮಿಸಬೇಕು, ಯಾವುದು ಮೊದಲು ಆಗಬೇಕು ಎಂಬುದನ್ನು ನಿರ್ಧರಿಸುವವರು. ಈ ಹೊಣೆಯು ಒಬ್ಬ ವ್ಯಕ್ತಿಯದೇ ಆಗಿರಬೇಕು, ಸಮಿತಿಯದಾಗಿರಬಾರದು.

ಡೆವಲಪರ್‌ಗಳು: ಕೆಲಸವನ್ನು ಮಾಡುವವರು. ಹೇಗೆ ಮಾಡಬೇಕು, ಒಂದು ಅವಧಿಯಲ್ಲಿ ಎಷ್ಟು ಸಾಧ್ಯ ಎಂಬುದನ್ನು ಇವರೇ ನಿರ್ಧರಿಸುತ್ತಾರೆ.

ಸ್ಕ್ರಮ್ ಮಾಸ್ಟರ್: ಚೌಕಟ್ಟಿನ ತಿಳಿವಳಿಕೆಯನ್ನು ತಂಡಕ್ಕೂ ಸಂಸ್ಥೆಗೂ ನೀಡಿ, ತಂಡದ ಪರಿಣಾಮಕಾರಿತ್ವಕ್ಕೆ ಹೊಣೆಯಾಗಿರುವವರು. ಹೆಸರಿನಲ್ಲಿ ಮಾಸ್ಟರ್ ಎಂದಿದ್ದರೂ ಇವರು ಯಾರ ಮೇಲಧಿಕಾರಿಯೂ ಅಲ್ಲ.

ಸ್ಪ್ರಿಂಟ್ ಮತ್ತು ಸಭೆಗಳು

ಕೆಲಸವು ಸ್ಪ್ರಿಂಟ್ ಎಂಬ ನಿಶ್ಚಿತ ಅವಧಿಗಳಲ್ಲಿ ನಡೆಯುತ್ತದೆ. ಒಂದು ಸ್ಪ್ರಿಂಟ್ ಒಂದು ತಿಂಗಳನ್ನು ಮೀರಬಾರದು. ಎರಡು ವಾರಗಳ ಸ್ಪ್ರಿಂಟ್ ಹೆಚ್ಚು ರೂಢಿಯಲ್ಲಿದೆ. ಒಂದು ಮುಗಿದೊಡನೆ ಇನ್ನೊಂದು ಆರಂಭವಾಗುತ್ತದೆ. ಪ್ರತಿ ಸ್ಪ್ರಿಂಟ್‌ನೊಳಗೆ ನಾಲ್ಕು ಬಗೆಯ ಸಭೆಗಳಿರುತ್ತವೆ.

• ಯೋಜನಾ ಸಭೆ: ಸ್ಪ್ರಿಂಟ್‌ನ ಗುರಿಯನ್ನು ಗೊತ್ತುಪಡಿಸಿ ಕೆಲಸಗಳನ್ನು ಆರಿಸಿಕೊಳ್ಳುವುದು. ಒಂದು ತಿಂಗಳ ಸ್ಪ್ರಿಂಟ್‌ಗೆ ಗರಿಷ್ಠ 8 ಗಂಟೆ.
• ದೈನಿಕ ಸಭೆ: ಗುರಿಯತ್ತ ಸಾಗುತ್ತಿದ್ದೇವೆಯೇ ಎಂದು ಡೆವಲಪರ್‌ಗಳು ಪರಿಶೀಲಿಸಿಕೊಂಡು ಅಂದಿನ ಕೆಲಸವನ್ನು ಹೊಂದಿಸಿಕೊಳ್ಳುವುದು. 15 ನಿಮಿಷ.
• ಪರಾಮರ್ಶೆ ಸಭೆ: ಮುಗಿದ ಕೆಲಸವನ್ನು ಬಳಕೆದಾರರಿಗೂ ಸಂಬಂಧಪಟ್ಟ ಇತರರಿಗೂ ತೋರಿಸಿ ಅವರ ಅಭಿಪ್ರಾಯ ಪಡೆಯುವುದು. ಗರಿಷ್ಠ 4 ಗಂಟೆ.
• ಹಿನ್ನೋಟ ಸಭೆ: ಕೆಲಸ ಮಾಡಿದ ರೀತಿಯನ್ನು ತಂಡವು ತಾನೇ ವಿಮರ್ಶಿಸಿಕೊಳ್ಳುವುದು. ಗರಿಷ್ಠ 3 ಗಂಟೆ.

ಮಾಡಬೇಕಾದ ಎಲ್ಲ ಕೆಲಸಗಳ ಆದ್ಯತಾ ಪಟ್ಟಿಗೆ ಪ್ರಾಡಕ್ಟ್ ಬ್ಯಾಕ್‌ಲಾಗ್ ಎಂದು ಹೆಸರು. ಅದರಿಂದ ಒಂದು ಅವಧಿಗೆ ಆರಿಸಿಕೊಂಡ ಭಾಗ, ಅದರ ಗುರಿ ಮತ್ತು ಅದನ್ನು ಮುಗಿಸುವ ಯೋಜನೆ ಸೇರಿ ಸ್ಪ್ರಿಂಟ್ ಬ್ಯಾಕ್‌ಲಾಗ್ ಆಗುತ್ತದೆ. ಬಳಕೆಗೆ ಸಿದ್ಧವಾದ ಫಲಿತಾಂಶವನ್ನು ಇನ್‌ಕ್ರಿಮೆಂಟ್ ಎನ್ನುತ್ತಾರೆ. ಯಾವುದನ್ನು ಮುಗಿದ ಕೆಲಸವೆಂದು ಪರಿಗಣಿಸಬೇಕು ಎಂಬುದಕ್ಕೆ ಮೊದಲೇ ಒಂದು ಮಾನದಂಡವಿರುತ್ತದೆ. ಆ ಮಾನದಂಡವನ್ನು ಮುಟ್ಟದ ಕೆಲಸವು ಬಹುಪಾಲು ಆಗಿದ್ದರೂ ಇನ್‌ಕ್ರಿಮೆಂಟ್‌ಗೆ ಸೇರದೆ ಪಟ್ಟಿಗೆ ಮರಳುತ್ತದೆ.

ಉದಾಹರಣೆ

ಹುಬ್ಬಳ್ಳಿಯ ಒಂದು ಚಿಕ್ಕ ತಂಡವು ಶಿರಗುಪ್ಪಿ ಸುತ್ತಲಿನ ರೈತರಿಗಾಗಿ ಕೃಷಿ ಉತ್ಪನ್ನಗಳ ಧಾರಣೆ ತಿಳಿಸುವ ಮೊಬೈಲ್ ಆ್ಯಪ್ ನಿರ್ಮಿಸುತ್ತಿದೆಯೆಂದು ಊಹಿಸಿಕೊಳ್ಳಬಹುದು. ಧಾರಣೆ, ಹವಾಮಾನ, ಸಾಗಾಣಿಕೆ ವಾಹನ, ಸಾಲದ ಲೆಕ್ಕ ಎಂಬ ನಾಲ್ಕು ಸೌಲಭ್ಯಗಳು ಪಟ್ಟಿಯಲ್ಲಿವೆ. ನಾಲ್ಕನ್ನೂ ಮುಗಿಸಿಯೇ ಹೊರತರುವುದಾದರೆ ಒಂದು ವರ್ಷ ಬೇಕು. ಅಷ್ಟರಲ್ಲಿ ಮುಂಗಾರಿನ ಹೆಸರು ಮತ್ತು ಹಿಂಗಾರಿನ ಕಡಲೆ ಎರಡೂ ಮಾರುಕಟ್ಟೆಗೆ ಬಂದು ಹೋಗಿರುತ್ತವೆ.

ಸ್ಕ್ರಮ್ ಕ್ರಮದಲ್ಲಿ ತಂಡವು ಜುಲೈ ತಿಂಗಳಿನಲ್ಲಿ ಎರಡು ವಾರಗಳ ಒಂದು ಸ್ಪ್ರಿಂಟ್ ಆರಂಭಿಸಿ, ಅಮರಗೋಳದ ಮಾರುಕಟ್ಟೆಯಲ್ಲಿ ಹೆಸರುಕಾಳಿನ ಅಂದಿನ ಧಾರಣೆಯನ್ನು ತಿಳಿಸುವುದಷ್ಟನ್ನೇ ಗುರಿಯಾಗಿ ಇಟ್ಟುಕೊಳ್ಳುತ್ತದೆ. ಪರಾಮರ್ಶೆ ಸಭೆಗೆ ಬಂದ ರೈತರು ಎರಡು ಮಾತು ಹೇಳುತ್ತಾರೆ: ಗರಿಷ್ಠ ಬೆಲೆಯೊಂದನ್ನೇ ತೋರಿಸಿದರೆ ಪ್ರಯೋಜನವಿಲ್ಲ, ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೆಂಬುದು ಬೇಕು, ಓದಲು ಬಾರದ ಹಿರಿಯರಿಗೆ ಧ್ವನಿಯಲ್ಲಿ ಕೇಳಿಸಬೇಕು. ಪ್ರಾಡಕ್ಟ್ ಓನರ್ ಇವೆರಡನ್ನೂ ಪಟ್ಟಿಯ ಮೇಲಕ್ಕೆ ತಂದು, ಸಾಲದ ಲೆಕ್ಕವನ್ನು ಕೆಳಕ್ಕೆ ಸರಿಸುತ್ತಾರೆ. ಹಿನ್ನೋಟ ಸಭೆಯಲ್ಲಿ, ಎಲ್ಲ ಪರೀಕ್ಷೆಯೂ ಕಚೇರಿಯ ವೈಫೈನಲ್ಲೇ ನಡೆದಿತ್ತೆಂಬ ಕೊರತೆ ಕಂಡುಬರುತ್ತದೆ. ಮುಂದಿನ ಬಾರಿ ಹೊಲದ ದುರ್ಬಲ ಸಿಗ್ನಲ್‌ನಲ್ಲಿ, ಸಾಧಾರಣ ಬೆಲೆಯ ಫೋನಿನಲ್ಲಿ ಪರೀಕ್ಷಿಸುವುದೆಂದು ತಂಡವು ನಿರ್ಧರಿಸುತ್ತದೆ. ಪಾರದರ್ಶಕತೆ, ಪರಿಶೀಲನೆ ಮತ್ತು ಹೊಂದಾಣಿಕೆ ಎಂಬ ಸ್ಕ್ರಮ್‌ನ ಮೂರು ಆಧಾರಸ್ತಂಭಗಳು ಇಲ್ಲಿ ಕೆಲಸ ಮಾಡಿವೆ.

ನಾಯಕತ್ವ ಮತ್ತು ಬೆಂಬಲ

ರಾಬರ್ಟ್ ಗ್ರೀನ್‌ಲೀಫ್ ಅವರು 1970ರಲ್ಲಿ ಮಂಡಿಸಿದ ಸೇವಕ ನಾಯಕತ್ವದ ಕಲ್ಪನೆಯು ಸ್ಕ್ರಮ್ ಮಾಸ್ಟರ್ ಪಾತ್ರದ ಹಿಂದಿದೆ. ನಾಯಕನ ಮೊದಲ ಕರ್ತವ್ಯವು ತನ್ನವರು ಬೆಳೆಯುವಂತೆ ನೋಡಿಕೊಳ್ಳುವುದೆಂಬುದು ಅದರ ಸಾರ. ಮೇಲಿನ ಉದಾಹರಣೆಯಲ್ಲಿ ಮಾರುಕಟ್ಟೆಯಿಂದ ಧಾರಣೆಯ ಮಾಹಿತಿ ಪ್ರತಿದಿನ ತಡವಾಗಿ ಬರುತ್ತಿದ್ದರೆ, ಡೆವಲಪರ್‌ಗಳನ್ನು ರಾತ್ರಿಯವರೆಗೆ ಕೂರಿಸುವುದು ಪರಿಹಾರವಲ್ಲ. ಮಾರುಕಟ್ಟೆಯ ಅಧಿಕಾರಿಗಳೊಡನೆ ಮಾತನಾಡಿ ಮಾಹಿತಿ ಬೇಗ ದೊರೆಯುವಂತೆ ಮಾಡುವುದು ಸ್ಕ್ರಮ್ ಮಾಸ್ಟರ್‌ನ ಕೆಲಸ. ಅಂದರೆ, ತಂಡದ ಕೈಮೀರಿದ ಅಡೆತಡೆಗಳನ್ನು ನಿವಾರಿಸಿ, ಅದರ ಕೈಯಲ್ಲಿರುವ ಕೆಲಸವನ್ನು ಅದಕ್ಕೇ ಬಿಡಬೇಕು.

ಹೊಸ ತಂಡಕ್ಕೆ ನಿಯಮಗಳನ್ನು ಕಲಿಸುವ ಶಿಕ್ಷಕರ ಅಗತ್ಯವಿರುತ್ತದೆ. ತಂಡವು ಪಳಗಿದಂತೆ ಉತ್ತರ ಹೇಳಿಕೊಡುವುದನ್ನು ಕಡಿಮೆ ಮಾಡಿ, ಪ್ರಶ್ನೆಗಳನ್ನು ಕೇಳುವುದನ್ನು ಹೆಚ್ಚಿಸಬೇಕಾಗುತ್ತದೆ. ದೈನಿಕ ಸಭೆಯಲ್ಲಿ ಎಲ್ಲರೂ ಒಬ್ಬರ ಕಡೆಗೇ ಮುಖ ಮಾಡಿ ವರದಿ ಒಪ್ಪಿಸುತ್ತಿದ್ದರೆ, ಅದು ತಂಡದ ಸಭೆಯಾಗಿ ಉಳಿಯದೆ ಹಾಜರಿ ತೆಗೆದುಕೊಳ್ಳುವ ಕ್ರಮವಾಗಿದೆಯೆಂದು ತಿಳಿಯಬೇಕು. ಇಂತಹ ಸಂದರ್ಭದಲ್ಲಿ ಸ್ಕ್ರಮ್ ಮಾಸ್ಟರ್ ಹಿಂದೆ ಸರಿದು ನಿಲ್ಲುವುದು ಅಥವಾ ಆ ಸಭೆಗೆ ಹೋಗದಿರುವುದು ಸಹ ಬೆಂಬಲದ ಒಂದು ಬಗೆ.

ಸ್ಕ್ರಮ್ ಐದು ಮೌಲ್ಯಗಳನ್ನು ಹೇಳುತ್ತದೆ: ಬದ್ಧತೆ, ಏಕಾಗ್ರತೆ, ಮುಕ್ತತೆ, ಗೌರವ ಮತ್ತು ಧೈರ್ಯ. ಇವುಗಳಲ್ಲಿ ಧೈರ್ಯವು ಹೆಚ್ಚು ಪರೀಕ್ಷೆಗೊಳಗಾಗುವುದು ಕೆಟ್ಟ ಸುದ್ದಿ ಹೇಳಬೇಕಾದಾಗ. ಎರಡು ವಾರಗಳ ಕೆಲಸ ಮುಗಿಯುವುದಿಲ್ಲವೆಂದು ಕಿರಿಯ ಸದಸ್ಯರೊಬ್ಬರಿಗೆ ಐದನೆಯ ದಿನವೇ ತಿಳಿದಿದ್ದರೂ, ಹೇಳಿದರೆ ಬೈಗುಳ ಬರುವುದೆಂಬ ಭಯವಿದ್ದರೆ ಅವರು ಹತ್ತನೆಯ ದಿನದವರೆಗೆ ಮೌನವಾಗಿರುತ್ತಾರೆ. ಐದನೆಯ ದಿನ ಕೆಲಸವನ್ನು ಕಡಿಮೆ ಮಾಡಿಕೊಳ್ಳಲು, ಇನ್ನೊಬ್ಬರ ನೆರವು ಪಡೆಯಲು ಅವಕಾಶವಿರುತ್ತದೆ. ಹತ್ತನೆಯ ದಿನ ಯಾವುದೂ ಉಳಿದಿರುವುದಿಲ್ಲ. ತಡವಾಗಿ ಹೊರಬಂದ ಸತ್ಯದ ಬೆಲೆಯನ್ನು ಇಡೀ ತಂಡ ತೆರಬೇಕಾಗುತ್ತದೆ. ಆದುದರಿಂದ ಮೊದಲ ಬಾರಿ ಕೆಟ್ಟ ಸುದ್ದಿ ತಂದವರನ್ನು ನಾಯಕರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರ ಮೇಲೆ ಮುಂದಿನ ಎಲ್ಲ ಸಭೆಗಳ ಪ್ರಾಮಾಣಿಕತೆ ನಿಂತಿರುತ್ತದೆ.

ಸಂಸ್ಥೆಯ ಹಿರಿಯರಿಗೂ ಕೆಲವು ಕರ್ತವ್ಯಗಳಿವೆ. ಸ್ಪ್ರಿಂಟ್ ನಡುವೆ ಗುರಿಗೆ ಧಕ್ಕೆ ತರುವ ಬದಲಾವಣೆಗಳನ್ನು ಮಾಡಬಾರದು. ಗುರಿಯೇ ಅಪ್ರಸ್ತುತವಾದಲ್ಲಿ ಸ್ಪ್ರಿಂಟ್ ರದ್ದುಗೊಳಿಸಬಹುದಾದರೂ ಆ ಅಧಿಕಾರವಿರುವುದು ಪ್ರಾಡಕ್ಟ್ ಓನರ್‌ಗೆ ಮಾತ್ರ.

ಕರ್ನಾಟಕದಲ್ಲಿ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ನಂತರ ನಗರವು ತಂತ್ರಾಂಶ ರಫ್ತಿನ ಕೇಂದ್ರವಾಗಿ ಬೆಳೆಯಿತು. 1990ರ ದಶಕದಲ್ಲಿ ಇಲ್ಲಿನ ಸಂಸ್ಥೆಗಳು ದೂರದ ಗ್ರಾಹಕರ ವಿಶ್ವಾಸ ಗಳಿಸಲು ವಿವರವಾದ ದಾಖಲೆ ಮತ್ತು ಗುಣಮಟ್ಟದ ಪ್ರಮಾಣಪತ್ರಗಳಿಗೆ ಒತ್ತು ಕೊಟ್ಟವು. ಅಜೈಲ್ ವಿಧಾನಗಳು ತಂಡವು ಒಂದೆಡೆ ಕುಳಿತು ಮುಖಾಮುಖಿ ಮಾತನಾಡುವುದನ್ನು ಬಯಸುತ್ತಿದ್ದುದರಿಂದ, ಸಾಗರದಾಚೆಯ ಗ್ರಾಹಕರಿಗಾಗಿ ದುಡಿಯುವ ಬೆಂಗಳೂರಿಗೆ ಅವು ಒಗ್ಗುವವೇ ಎಂಬ ಪ್ರಶ್ನೆಯಿತ್ತು.

ಈ ಪ್ರಶ್ನೆಗೆ ದಾಖಲಾದ ಉತ್ತರಗಳಲ್ಲಿ ಥಾಟ್‌ವರ್ಕ್ಸ್ ಸಂಸ್ಥೆಯ ಅನುಭವವು ಗಮನಾರ್ಹ. 2000ದ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಈ ಸಂಸ್ಥೆಯ ಕೆಲಸವನ್ನು ಕುರಿತು ಅದರ ತಜ್ಞ ಮಾರ್ಟಿನ್ ಫೌಲರ್ ವಿವರವಾದ ಲೇಖನ ಬರೆದಿದ್ದಾರೆ. ಅಲ್ಲಿ ಅನುಸರಿಸಲಾದುದು ಸ್ಕ್ರಮ್ ಮಾತ್ರವಲ್ಲ; ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಸೋದರ ವಿಧಾನದ ಅಂಶಗಳೂ ಇದ್ದವು. ಎರಡೂ ಕಡೆಯ ಕೆಲಸವನ್ನು ಆಗಾಗ ಒಂದುಗೂಡಿಸಿ ಪರೀಕ್ಷಿಸುವುದು, ಒಂದು ಕಡೆಯವರು ಇನ್ನೊಂದು ಕಡೆ ಕೆಲವು ತಿಂಗಳು ರಾಯಭಾರಿಗಳಂತೆ ನೆಲೆಸುವುದು, ಚುಟುಕಾದ ದೈನಿಕ ಸಭೆ ಮತ್ತು ಚಿಕ್ಕ ಅವಧಿಗಳ ಕೆಲಸ ಎಂಬ ಕ್ರಮಗಳು ಉಪಯುಕ್ತವಾದವೆಂದು ಅವರು ಹೇಳುತ್ತಾರೆ. ಹಿರಿಯರ ಮಾತನ್ನು ಪ್ರಶ್ನಿಸಲು, ತೊಂದರೆಯಿದೆಯೆಂದು ಹೇಳಲು ಹಿಂಜರಿಯುವ ರೂಢಿಯನ್ನೂ ಅವರು ಒಂದು ತೊಡಕೆಂದು ಗುರುತಿಸಿದ್ದಾರೆ.

ವೇಳೆಯ ಅಂತರವೂ ಒಂದು ಸಮಸ್ಯೆ. ಭಾರತದ ಸಮಯವು ನ್ಯೂಯಾರ್ಕಿಗಿಂತ ಋತುವಿಗನುಸಾರ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆ ಮುಂದಿದೆ. ಆದುದರಿಂದ ಎರಡೂ ಕಡೆಯವರು ಸೇರುವ ಸಭೆಯು ಯಾರಾದರೊಬ್ಬರ ಮನೆಯ ಸಮಯವನ್ನು ಕಬಳಿಸುತ್ತದೆ. ಆ ಹೊರೆಯನ್ನು ಸರದಿಯಂತೆ ಹಂಚಿಕೊಳ್ಳುವುದು ತಂಡದ ಆರೋಗ್ಯಕ್ಕೆ ಒಳ್ಳೆಯದು.

ಬೆಂಗಳೂರಿನಲ್ಲಿ ಅಜೈಲ್ ಇಂಡಿಯಾ ಸಮ್ಮೇಳನಗಳು ನಡೆದಿವೆ. ರಾಜ್ಯದ ಬಿಯಾಂಡ್ ಬೆಂಗಳೂರು ಕಾರ್ಯಕ್ರಮದಲ್ಲಿ ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಪ್ರದೇಶವೂ ಸೇರಿದೆ. ತಂಡದವರೆಲ್ಲರೂ ಕನ್ನಡಿಗರಾಗಿರುವ ಕಡೆ ಹಿನ್ನೋಟ ಸಭೆಯನ್ನು ಕನ್ನಡದಲ್ಲೇ ನಡೆಸಲು ಚೌಕಟ್ಟಿನಲ್ಲಿ ಯಾವ ಅಡ್ಡಿಯೂ ಇಲ್ಲ. ಇಂಗ್ಲಿಷಿನಲ್ಲಿ ಮಾತನಾಡಲು ಅಳುಕುವ ಸದಸ್ಯರ ಅಭಿಪ್ರಾಯವು ಇದರಿಂದ ಹೊರಬರುವ ಸಾಧ್ಯತೆ ಹೆಚ್ಚುತ್ತದೆ.

ಮಿತಿಗಳು ಮತ್ತು ಟೀಕೆ

ಸ್ಕ್ರಮ್ ಎಲ್ಲ ಕೆಲಸಗಳಿಗೂ ತಕ್ಕುದಲ್ಲ. ಹಂತಗಳೆಲ್ಲ ಮೊದಲೇ ತಿಳಿದಿರುವ, ಬದಲಾವಣೆ ಇಲ್ಲದ ಕೆಲಸಕ್ಕೆ ಸಾಮಾನ್ಯ ಯೋಜನೆಯೇ ಸಾಕು. ದುರಸ್ತಿ ಸೇವೆಯಂತೆ ಕ್ಷಣಕ್ಷಣಕ್ಕೂ ಹೊಸ ಬೇಡಿಕೆ ಬರುವ ಕಡೆ, ಟೊಯೋಟಾ ಕಾರ್ಖಾನೆಯ ಪದ್ಧತಿಯಿಂದ ಬೆಳೆದ ಕಾನ್‌ಬಾನ್ ಹೆಚ್ಚು ಹೊಂದುತ್ತದೆ.

ಸಭೆಗಳ ಹೆಸರುಗಳನ್ನು ಮಾತ್ರ ಸ್ವೀಕರಿಸಿ, ನಿರ್ಧಾರದ ಅಧಿಕಾರವನ್ನು ಹಳೆಯ ಕೈಗಳಲ್ಲೇ ಉಳಿಸಿಕೊಳ್ಳುವುದು ಸಾಮಾನ್ಯವಾಗಿ ಕೇಳಿಬರುವ ಟೀಕೆ. ಹೀಗಾದಾಗ ದೈನಿಕ ಸಭೆಯು ನಿಗಾವಣೆಯ ಸಾಧನವಾಗಿ, ಬಿಡುವಿಲ್ಲದ ಸ್ಪ್ರಿಂಟ್‌ಗಳು ದಣಿವಿಗೆ ಕಾರಣವಾಗುತ್ತವೆ. ಕೆಲಸದ ಗಾತ್ರವನ್ನು ಅಂದಾಜಿಸುವ ಅಂಕಗಳ ದುರ್ಬಳಕೆಯೂ ಇದೇ ಬಗೆಯದು. ಈ ಅಂಕಗಳು ಸ್ಕ್ರಮ್ ಗೈಡ್‌ನ ನಿಯಮವಲ್ಲ. ಒಂದು ತಂಡವು ತನ್ನ ಅನುಕೂಲಕ್ಕೆ ಮಾಡಿಕೊಳ್ಳುವ ಸಾಪೇಕ್ಷ ಅಂದಾಜು. ಎರಡು ತಂಡಗಳ ಅಂಕಗಳನ್ನು ಹೋಲಿಸಿ ಬಡ್ತಿ ಅಥವಾ ಬಹುಮಾನ ನಿರ್ಧರಿಸಿದರೆ, ಕೆಲಸ ಹೆಚ್ಚದೆ ಅಂಕಗಳು ಮಾತ್ರ ಹೆಚ್ಚುತ್ತವೆ. ಪರೀಕ್ಷೆಗಾಗಿ ಮಾತ್ರ ಓದುವ ವಿದ್ಯಾರ್ಥಿಯಲ್ಲಿ ಅಂಕ ಬೆಳೆದು ತಿಳಿವಳಿಕೆ ಬೆಳೆಯದಿರುವುದು ಇದಕ್ಕೆ ಸಮಾನವಾದ ಸ್ಥಿತಿ. ಪ್ರತಿ ಸ್ಪ್ರಿಂಟ್‌ನ ಕೊನೆಗೆ ಬಳಕೆದಾರರ ಕೈಗೆ ಉಪಯುಕ್ತವಾದ ಏನು ದೊರೆಯಿತು ಎಂಬುದನ್ನು ನೋಡುವುದೇ ತಂಡದ ಪ್ರಗತಿಯನ್ನು ಅಳೆಯುವ ಸರಿಯಾದ ಮಾರ್ಗವಾಗಿದೆ.